ಕಿವಿಯನ್ನು ತಿದ್ದುವ ಮುನ್ನ

ಮನುಷ್ಯನು ತನ್ನ ಅವಯವಗಳಲ್ಲಿ ಕೈಯನ್ನು ನೋಡಬಲ್ಲನು, ಕಾಲನ್ನು ನೋಡಬಲ್ಲನು, ಸ್ವಲ್ಪ ಪ್ರಯತ್ನಪಟ್ಟರೆ ಮೂಗಿನ ತುದಿಯನ್ನೂ ನೋಡಬಲ್ಲನು. ಆದರೆ ತನ್ನ ಕಿವಿಯನ್ನು ಕನ್ನಡಿಯ ನೆರವಿಲ್ಲದೆ ಕಂಡವರು ಯಾರೂ ಇಲ್ಲ. ಅದು ತಲೆಯ ಎರಡು ಪಕ್ಕಗಳಲ್ಲಿ, ಒಡೆಯನ ದೃಷ್ಟಿಗೆ ನಿಲುಕದ ಸ್ಥಳದಲ್ಲಿ ನೆಲೆಸಿದೆ. ಆದಕಾರಣ ಒಬ್ಬನ ಕಿವಿ ಚೆನ್ನಾಗಿಲ್ಲವೆಂಬ ದೂರು ಮೊದಲು ಹುಟ್ಟುವುದು ಅವನಲ್ಲಲ್ಲ, ಅವನನ್ನು ನೋಡುವ ಇನ್ನೊಬ್ಬರಲ್ಲಿ. ತನ್ನ ಕಿವಿಗಳು ಅಗಲವಾಗಿವೆಯೆಂಬ ಸಂಗತಿ ಮಗುವಿಗೆ ತಿಳಿದುಬರುವುದು ಬಹುಮಟ್ಟಿಗೆ ಶಾಲೆಯ ಅಂಗಳದಲ್ಲಿ. ಅದೂ "ಮೊರಗಿವಿ", "ಆನೆಕಿವಿ" ಎಂಬ ಅಡ್ಡಹೆಸರುಗಳ ಮೂಲಕ.

ಹೀಗೆ ಹೊರಕ್ಕೆ ಚಾಚಿಕೊಂಡ ಕಿವಿಯನ್ನು ಶಸ್ತ್ರಕ್ರಿಯೆಯಿಂದ ತಲೆಯ ಪಕ್ಕಕ್ಕೆ ಒರಗಿಸಿ ಕೂರಿಸುವ ವಿದ್ಯೆ ಇಂದು ಅಪರೂಪದ್ದಾಗಿ ಉಳಿದಿಲ್ಲ. ನಮ್ಮ ನಾಡಿನ ದೊಡ್ಡ ನಗರಗಳಲ್ಲಿ ಪ್ಲಾಸ್ಟಿಕ್ ಸರ್ಜರಿಯ ತಜ್ಞರು ಮಕ್ಕಳಿಗೂ ವಯಸ್ಕರಿಗೂ ಅದನ್ನು ಮಾಡುತ್ತಿದ್ದಾರೆ. ಅದರ ಜಾಹೀರಾತುಗಳು ಮೊಬೈಲ್ ಫೋನಿನ ಮೂಲಕ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಮನೆಯನ್ನೂ ತಲುಪುತ್ತಿವೆ. "ಮಗುವಿಗೆ ಮಾಡಿಸುವುದು ಲೇಸೋ, ಬೇಡವೋ?" ಎಂಬ ಪ್ರಶ್ನೆ ಇನ್ನು ಮುಂದೆ ಕೇವಲ ನಗರವಾಸಿಗಳ ಪ್ರಶ್ನೆಯಲ್ಲ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ವೈದ್ಯಶಾಸ್ತ್ರದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಹಕ್ಕಿಲ್ಲ. ಆದರೆ ಈ ವಿಷಯದಲ್ಲಿ ಧ್ವನಿಯ ಶಾಸ್ತ್ರವಿದೆ, ಸ್ಥಿತಿಸ್ಥಾಪಕತ್ವದ ಶಾಸ್ತ್ರವಿದೆ. ಅವೆರಡಕ್ಕಿಂತ ಹೆಚ್ಚಾಗಿ ನಿತ್ಯವೂ ನಮ್ಮ ಎದುರಿಗೆ ಕುಳಿತುಕೊಳ್ಳುವ ವಿದ್ಯಾರ್ಥಿಗಳ ಮನಶ್ಶಾಂತಿಯ ಪ್ರಶ್ನೆಯಿದೆ. ಆದುದರಿಂದ ನಮಗೆ ತೋಚಿದುದನ್ನು ಹೇಳುವುದು ಅನುಚಿತವಾಗಲಾರದು.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವೆವು. ಈ ಶಸ್ತ್ರಕ್ರಿಯೆ ನಿಂದ್ಯವಾದುದಲ್ಲ. ಆದರೆ ಅದನ್ನು ಬೇಡುತ್ತಿರುವವರು ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುವವರೆಗೆ ಶಸ್ತ್ರವನ್ನು ಕೈಗೆತ್ತಿಕೊಳ್ಳಬಾರದು.

ಮೊದಲು ಹೊರಕಿವಿಯ ರಚನೆಯನ್ನು ಗಮನಿಸೋಣ. ಅದರ ಒಳಗೆ ಎಲುಬಿಲ್ಲ. ತೆಳುವಾದ, ಬಾಗುವ ಮೃದ್ವಸ್ಥಿಯ ಒಂದೇ ಹಾಳೆಯಿದೆ. ಅದರ ಮೇಲೆ ಎರಡೂ ಕಡೆ ಚರ್ಮ ಹೊದ್ದುಕೊಂಡಿದೆ. ಕೆಳಗೆ ಜೋಲುವ ಹಾಲೆಯಲ್ಲಿ ಮಾತ್ರ ಮೃದ್ವಸ್ಥಿಯೂ ಇಲ್ಲ, ಬರಿಯ ಮಾಂಸ ಮತ್ತು ಕೊಬ್ಬು. ಹಿಂದಿನ ಕಾಲದ ಮಾಸ್ತರರು ಕಿವಿ ಹಿಂಡಿ ಬಿಟ್ಟೊಡನೆ ಅದು ಮೊದಲಿನ ಆಕಾರಕ್ಕೆ ಮರಳುತ್ತಿದ್ದುದು ಈ ಮೃದ್ವಸ್ಥಿಯ ಸ್ಥಿತಿಸ್ಥಾಪಕ ಗುಣದಿಂದಲೇ. ಕಿವಿಯ ಹೊರ ಅಂಚಿನ ಸುರುಳಿಗೆ ಸಮಾನಾಂತರವಾಗಿ ಒಳಗಡೆ ಇನ್ನೊಂದು ದಿಣ್ಣೆಯಂಥ ಮಡಿಕೆ ಇರುವುದನ್ನು ಬೆರಳಾಡಿಸಿ ತಿಳಿಯಬಹುದು. ತಾಯಿಯ ಗರ್ಭದಲ್ಲಿ ಕಿವಿ ರೂಪುಗೊಳ್ಳುವಾಗ ಈ ಒಳಮಡಿಕೆ ಸರಿಯಾಗಿ ಮೂಡದಿದ್ದರೆ ಹಾಳೆ ಮಡಚಿಕೊಳ್ಳದೆ ಹೊರಕ್ಕೆ ಚಾಚಿಕೊಳ್ಳುತ್ತದೆ. ಕಿವಿಯ ನಡುವಣ ಬಟ್ಟಲು ಹೆಚ್ಚು ಆಳವಾಗಿದ್ದರೂ ಹೀಗೆಯೇ ಆಗುತ್ತದೆ. ಸಾಮಾನ್ಯವಾಗಿ ಕಿವಿಯ ಹೊರ ಅಂಚಿಗೂ ತಲೆಗೂ ನಡುವೆ ಸುಮಾರು 2 ಸೆಂಟಿಮೀಟರಿನೊಳಗಿನ ಅಂತರವಿರುತ್ತದೆ. ಅದಕ್ಕಿಂತ ಹೆಚ್ಚಾದಾಗ ನೋಡುವವರ ಗಮನ ಅತ್ತ ಹರಿಯುತ್ತದೆ. ಇದು ರೋಗವಲ್ಲ, ಯಾವ ರೋಗದ ಸೂಚನೆಯೂ ಅಲ್ಲ. ಎತ್ತರ, ಗಿಡ್ಡ, ಗುಂಗುರು ಕೂದಲುಗಳಂತೆ ಮನೆತನದಲ್ಲಿ ಇಳಿದುಬರುವ ಒಂದು ಲಕ್ಷಣ.

ಇಂಥ ಕಿವಿಯಿಂದ ಕೇಳುವಿಕೆಗೆ ಕುಂದುಂಟೇ? ಕೆಲವು ತಂದೆತಾಯಿಗಳಿಗೆ ಈ ಸಂದೇಹವಿದೆ. ಧ್ವನಿಶಾಸ್ತ್ರ ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಸೆಕೆಂಡಿಗೆ 200 ಕಂಪನಗಳುಳ್ಳ ಧ್ವನಿಯ ತರಂಗದೂರ 1.7 ಮೀಟರು, ಅಂದರೆ ಆಳೆತ್ತರ. ವಯಸ್ಕನ ಕಿವಿಯಾದರೋ 6 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ. ಕೆರೆಯ ದೊಡ್ಡ ಅಲೆಯು ನೀರಿನಲ್ಲಿ ನಿಂತ ಜೋಳದ ದಂಟನ್ನು ಲೆಕ್ಕಿಸದೆ ದಾಟಿಹೋಗುವಂತೆ ಇಂಥ ಧ್ವನಿ ಕಿವಿಯ ಆಕಾರವನ್ನು ಲೆಕ್ಕಿಸುವುದೇ ಇಲ್ಲ. ತರಂಗದೂರವು ಕಿವಿಯ ಅಳತೆಗೆ ಸಮೀಪಿಸಿದಾಗ, ಎಂದರೆ ಕಂಪನಗಳು ಸೆಕೆಂಡಿಗೆ ಕೆಲವು ಸಾವಿರಗಳಾದಾಗ ಮಾತ್ರ, ಕಿವಿಯ ಏರುತಗ್ಗುಗಳು ಧ್ವನಿಯನ್ನು ಪ್ರತಿಫಲಿಸಿ ಮಾರ್ಪಡಿಸುತ್ತವೆ. ಆ ಮಾರ್ಪಾಟಿನಿಂದ ಧ್ವನಿ ಮೇಲಿನಿಂದ ಬಂತೇ, ಕೆಳಗಿನಿಂದ ಬಂತೇ, ಮುಂದಿನಿಂದ ಬಂತೇ, ಹಿಂದಿನಿಂದ ಬಂತೇ ಎಂಬುದನ್ನು ಮಿದುಳು ಊಹಿಸುತ್ತದೆ. ಎಡಬಲಗಳನ್ನು ಅರಿಯುವ ಬಗೆ ಬೇರೆ. ಬಲಗಡೆಯ ಧ್ವನಿ ಎಡಗಿವಿಯನ್ನು ಮುಟ್ಟಲು ಸುಮಾರು 20 ಸೆಂಟಿಮೀಟರು ಹೆಚ್ಚು ದೂರ ಸಾಗಬೇಕು. ಅದಕ್ಕೆ ಒಂದು ಸೆಕೆಂಡಿನ ಹತ್ತುಸಾವಿರದ 6 ಭಾಗದಷ್ಟು ಕಾಲ ಹಿಡಿಯುತ್ತದೆ. ಇಷ್ಟು ಸೂಕ್ಷ್ಮವಾದ ಅಂತರವನ್ನೂ ಮಿದುಳು ಗುರುತಿಸಬಲ್ಲುದು.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಅಂಗೈಯನ್ನು ದೊನ್ನೆಯಂತೆ ಬಾಗಿಸಿ ಕಿವಿಯ ಹಿಂದೆ ಹಿಡಿದು, ದೂರದಲ್ಲಿ ಓದುತ್ತಿರುವವರ ಧ್ವನಿಯನ್ನು ಆಲಿಸಿರಿ. ಸಕಾರ, ಚಕಾರಗಳು ಎದ್ದು ಕೇಳಿಸುತ್ತವೆ. ಗಂಟಲಿನ ಗಂಭೀರ ನಾದದಲ್ಲಿ ಅಷ್ಟು ವ್ಯತ್ಯಾಸ ತೋರದು. ಅಂಗೈಯಷ್ಟು ದೊಡ್ಡ ಆಲಿಕೆಯೇ ಇಷ್ಟು ಅಲ್ಪ ಬದಲಾವಣೆಯನ್ನು ಮಾಡುವಾಗ, ಕಿವಿ ಒಂದು ಸೆಂಟಿಮೀಟರು ಹೊರಗೆ ಚಾಚಿದರೆ ಅಥವಾ ಒಳಗೆ ಸರಿದರೆ ದಿನನಿತ್ಯದ ಕೇಳುವಿಕೆಯಲ್ಲಿ ಎಣಿಸತಕ್ಕ ಭೇದವಾಗಲಾರದು. ನೆದರ್ಲೆಂಡಿನ ಸಂಶೋಧಕರು 1998ರಲ್ಲಿ ಇನ್ನೂ ಸ್ವಾರಸ್ಯವಾದ ಒಂದು ಸಂಗತಿಯನ್ನು ಪ್ರಕಟಿಸಿದರು. ಕೆಲವರ ಕಿವಿಯ ಬಟ್ಟಲಿನಲ್ಲಿ ಅಚ್ಚುಗಳನ್ನು ಕೂರಿಸಿ ಆಕಾರವನ್ನು ಬದಲಿಸಿದಾಗ ಮೇಲೆ ಕೆಳಗೆಂಬ ದಿಕ್ಕಿನ ಅರಿವು ಮೊದಲು ಕೆಟ್ಟಿತು. ಕೆಲವೇ ವಾರಗಳಲ್ಲಿ ಮಿದುಳು ಹೊಸ ಕಿವಿಗೆ ಹೊಂದಿಕೊಂಡಿತು. ಅಚ್ಚನ್ನು ತೆಗೆದಾಗ ಹಳೆಯ ಅರಿವೂ ಹಾಗೆಯೇ ಉಳಿದಿತ್ತು. ಹೀಗಿರುವಾಗ ಕೇಳುವಿಕೆಯ ಹೆಸರಿನಲ್ಲಿ ಅಗಲ ಕಿವಿಗೆ ಶಸ್ತ್ರ ಮಾಡಿಸುವುದಕ್ಕೆ ಕಾರಣವಿಲ್ಲ. ಮಾಡಿಸಿದರೆ ಕಿವುಡಾದೀತೆಂದು ಹೆದರುವುದಕ್ಕೂ ಕಾರಣವಿಲ್ಲ. ಉಳಿಯುವುದು ರೂಪದ ಪ್ರಶ್ನೆಯೊಂದೇ.

ಕಿವಿಯ ರೂಪವನ್ನು ತಿದ್ದುವುದು ಪಾಶ್ಚಾತ್ಯರಿಂದ ಬಂದ ಹೊಸ ಶೋಕಿಯೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕಿವಿ ಚುಚ್ಚುವ ಕ್ರಮಕ್ಕೂ ಹರಿದ ಕಿವಿಯನ್ನು ಕೂಡಿಸುವ ಕ್ರಮಕ್ಕೂ ಮೀಸಲಾಗಿದೆ. ಹಾಲೆಯನ್ನು ಜೋಡಿಸುವ 15 ವಿಧಾನಗಳು ಅಲ್ಲಿ ಹೇಳಲ್ಪಟ್ಟಿವೆ. ಅವುಗಳಲ್ಲಿ ಒಂದರ ಹೆಸರು ಗಂಡಕರ್ಣ. ಸಂಸ್ಕೃತದಲ್ಲಿ ಗಂಡವೆಂದರೆ ಕೆನ್ನೆ. ಹಾಲೆಯಿಲ್ಲದವನಿಗೆ ಕೆನ್ನೆಯ ಮಾಂಸದಿಂದಲೇ ಹಾಲೆಯನ್ನು ನಿರ್ಮಿಸಿಕೊಡುವ ವಿಧಾನವದು. ಇದೇ ಅಧ್ಯಾಯದಲ್ಲಿ ಕತ್ತರಿಸಿದ ಮೂಗನ್ನು ಮರಳಿ ಕಟ್ಟುವ ಕ್ರಮವೂ ಇದೆ. ಈ ವಿದ್ಯೆ ಪುಸ್ತಕದಲ್ಲಿಯೇ ಉಳಿಯಲಿಲ್ಲ. ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕಾವಸಜಿ ಎಂಬಾತ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಸಮೀಪದಲ್ಲಿ ದೇಶೀಯ ಶಸ್ತ್ರಜ್ಞನೊಬ್ಬನು ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಅದರ ವಿವರಣೆ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾಗಿ, ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಇವೆಲ್ಲವೂ ಹರಿದುದನ್ನು ಕೂಡಿಸುವ, ಹೋದುದನ್ನು ತಂದುಕೊಡುವ ಪ್ರಯತ್ನಗಳು ಎಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು.

ಹರಿಯದ, ಕಳೆದುಹೋಗದ, ಕೇವಲ ಹೊರಚಾಚಿದ ಕಿವಿಯನ್ನು ಒಳಸರಿಸುವ ಕಾರ್ಯ ಈಚಿನದು. ಅಮೆರಿಕದ ಎಡ್ವರ್ಡ್ ಈಲಿ ಎಂಬ ವೈದ್ಯನು 1881ರಲ್ಲಿ 12 ವರ್ಷದ ಹುಡುಗನೊಬ್ಬನಿಗೆ ಮಾಡಿದ ಶಸ್ತ್ರಕ್ರಿಯೆಯನ್ನು ಇದರ ಮೊದಲ ದಾಖಲೆಗಳಲ್ಲಿ ಒಂದಾಗಿ ಎಣಿಸುತ್ತಾರೆ. ಒಳಮಡಿಕೆ ಮೂಡದಿರುವುದೇ ಮೂಲಕಾರಣವೆಂದು ಲಕೆಟ್ ಎಂಬಾತ 1910ರಲ್ಲಿ ತೋರಿಸಿಕೊಟ್ಟನು. ಆದರೆ ಸ್ಥಿತಿಸ್ಥಾಪಕವಾದ ಹಾಳೆಯನ್ನು ಮಡಚಿದರೆ ಅದು ಬಿಟ್ಟೊಡನೆ ಮೊದಲಿನಂತಾಗುವುದಷ್ಟೆ? ಅದನ್ನು ಮಡಚಿದಂತೆಯೇ ನಿಲ್ಲಿಸುವುದು ಹೇಗೆ?

ಉತ್ತರವು ಭೌತವಿಜ್ಞಾನದ ವಿದ್ಯಾರ್ಥಿಗೆ ಪ್ರಿಯವಾಗುವಂಥದು. ಈರುಳ್ಳಿಯ ಹಸಿ ತಪ್ಪಲಿನ ಕೊಳವೆಯನ್ನು ಉದ್ದುದ್ದಕ್ಕೆ ಸೀಳಿ ತಣ್ಣೀರಿನಲ್ಲಿ ಹಾಕಿದರೆ ಸೀಳುಗಳು ಹೊರಮುಖವಾಗಿ ಸುರುಳಿಗೊಳ್ಳುವುದನ್ನು ಅಡಿಗೆಮನೆಯಲ್ಲಿಯೇ ನೋಡಬಹುದು. ಹೊರಸಿಪ್ಪೆಯು ಒಳಭಾಗವನ್ನು ಬಿಗಿದು ಹಿಡಿದಿರುತ್ತದೆ. ಒಳಭಾಗವು ಹಿಗ್ಗಲು ಹವಣಿಸುತ್ತಿರುತ್ತದೆ. ಸೀಳಿದೊಡನೆ ಸಮತೋಲ ತಪ್ಪಿ ಕೊಯ್ದ ಮುಖವು ಉಬ್ಬುತ್ತದೆ. ಮೃದ್ವಸ್ಥಿಯ ಒಳಗೂ ಇಂಥದೇ ಅಡಗಿದ ಬಿಗಿತವಿದೆಯೆಂದು ಬ್ರಿಟನ್ನಿನ ಗಿಬ್ಸನ್ ಮತ್ತು ಡೇವಿಸ್ ಎಂಬವರು 1958ರಲ್ಲಿ ತೋರಿಸಿದರು. ಅದರ ಒಂದು ಮುಖದ ಮೇಲೆ ಸಣ್ಣ ಗೀರುಗಳನ್ನೆಳೆದರೆ ಆ ಮುಖ ಉಬ್ಬಿ, ಹಾಳೆ ಇನ್ನೊಂದು ಕಡೆಗೆ ತಾನಾಗಿ ಬಾಗುತ್ತದೆ. ಈ ತತ್ತ್ವವನ್ನು ಸ್ವೀಡನಿನ ಸ್ಟೆನ್‌ಸ್ಟ್ರಾಮ್ 1963ರಲ್ಲಿ ಕಿವಿಗೆ ಅನ್ವಯಿಸಿದನು. ಅದೇ ವರ್ಷ ಬ್ರಿಟನ್ನಿನ ಮಸ್ಟಾರ್ಡೆ ಎಂಬಾತ, ಕೊಯ್ಯದೆಯೇ ಹಿಂಬದಿಯ ಹೊಲಿಗೆಗಳಿಂದ ಮಡಿಕೆಯನ್ನು ಬಿಗಿದು ನಿಲ್ಲಿಸುವ ವಿಧಾನವನ್ನು ವಿವರಿಸಿದನು. ಬಟ್ಟಲಿನ ಭಾಗವನ್ನು ಹಿಂದಿನ ಎಲುಬಿನ ಪೊರೆಗೆ ಹೊಲಿದು ಒರಗಿಸುವ ವಿಧಾನವನ್ನು ಫರ್ನಸ್ 1968ರಲ್ಲಿ ಪ್ರಕಟಿಸಿದನು. ಇಂದಿನ ಶಸ್ತ್ರವೈದ್ಯರು ಬಹುತೇಕ ಇವುಗಳನ್ನೇ ಬೆರೆಸಿ ಬಳಸುತ್ತಾರೆ.

ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಒಂದೆರಡು ಗಂಟೆ ಸಾಕು. ವಯಸ್ಕರಿಗೆ ಕಿವಿಯ ಸುತ್ತ ಮಾತ್ರ ಮರವಾಗುವಂತೆ ಚುಚ್ಚುಮದ್ದು ಕೊಟ್ಟರೆ ಸಾಲುವುದುಂಟು. ಚಿಕ್ಕ ಮಕ್ಕಳಿಗೆ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಕಲೆ ಕಿವಿಯ ಹಿಂದೆ ಮರೆಯಾಗಿರುತ್ತದೆ. ಸುಮಾರು ಒಂದು ವಾರ ತಲೆಗೆ ಕಟ್ಟು, ಆಮೇಲೆ ಕೆಲವು ವಾರ ರಾತ್ರಿಯ ಹೊತ್ತು ಪಟ್ಟಿ. ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ತೃಪ್ತರಾಗಿರುತ್ತಾರೆಂಬುದನ್ನೂ ಹೇಳದಿರುವುದು ನ್ಯಾಯವಲ್ಲ. ಆದರೆ ಜಾಹೀರಾತು ಹೇಳದಿರುವ ಸಂಗತಿಗಳೂ ಇವೆ. ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಬಹುದು. ಕೀವು ಸೇರಿ ಮೃದ್ವಸ್ಥಿ ಕೆಡಬಹುದು. ಹೊಲಿಗೆ ಸಡಿಲಿ ಕಿವಿ ಮರಳಿ ಚಾಚಬಹುದು. ಎರಡು ಕಿವಿಗಳು ಒಂದೇ ಸಮನಾಗಿ ಕೂರದೆ ಹೋಗಬಹುದು. ಗಾಯದ ಕಲೆ ಅಳತೆಮೀರಿ ಬೆಳೆದು ಗಂಟಾಗುವ ಕೀಲಾಯ್ಡ್ ಎಂಬ ತೊಂದರೆ ನಮ್ಮಂತಹ ಕಂದುಬಣ್ಣದ ಚರ್ಮದವರಲ್ಲಿ ಹೆಚ್ಚು. ಕಿವಿಯಂತೂ ಅದು ಏಳುವ ಮುಖ್ಯ ಸ್ಥಳಗಳಲ್ಲಿ ಒಂದು. ಕಿವಿ ಚುಚ್ಚಿಸಿದ ಸ್ಥಳದಲ್ಲಿ ಇಂಥ ಗಂಟು ಎದ್ದವರು ಮನೆತನದಲ್ಲಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಇಲ್ಲಿ ಇನ್ನೊಂದು ವಿಷಯ ಪ್ರಚಾರಕ್ಕೆ ಬರಬೇಕಾಗಿದೆ. ಹುಟ್ಟಿದ ಮಗುವಿನ ಮೃದ್ವಸ್ಥಿ ತಾಯಿಯಿಂದ ಬಂದ ಹಾರ್ಮೋನಿನ ಪ್ರಭಾವದಿಂದ ಮೊದಲ ಕೆಲವು ವಾರ ಬಹಳ ಮೆತ್ತಗಿರುತ್ತದೆ. ಆ ಅವಧಿಯಲ್ಲಿ ಮೆತ್ತನೆಯ ಅಚ್ಚನ್ನು ಕಿವಿಗೆ ಕಟ್ಟಿ ಇಟ್ಟರೆ ಶಸ್ತ್ರವಿಲ್ಲದೆಯೇ ಆಕಾರ ಸರಿಹೋಗುತ್ತದೆಂದು ಜಪಾನಿನ ಮತ್ಸುಓ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದರು. ಕೆಲವು ಶಿಶುಗಳ ಕಿವಿ ಮೊದಲ ವಾರದಲ್ಲಿ ತಾನಾಗಿಯೇ ನೆಟ್ಟಗಾಗುವುದೂ ಉಂಟು. ಆರು ವಾರಗಳ ಮೇಲೆ ಈ ಉಪಾಯದ ಫಲ ಬೇಗನೆ ಕುಗ್ಗುತ್ತದೆ. ಬಾಣಂತಿಯ ಕೋಣೆಯಲ್ಲಿ ಮಗುವಿನ ತಲೆ ಮೂಗುಗಳನ್ನು ಎಣ್ಣೆ ಹಚ್ಚಿ ತೀಡುವ ಅಜ್ಜಿಯರಿಗೆ ಎಳೆಯ ದೇಹ ಮಣಿಯುತ್ತದೆಂಬ ನಂಬಿಕೆ ಮೊದಲಿನಿಂದಲೂ ಇದೆ. ಕಿವಿಯ ಮಟ್ಟಿಗೆ ಅದು ನಿಜ; ಆದರೆ ಎಳೆಯ ಚರ್ಮ ಹುಣ್ಣಾಗದಂತೆ ಮಾಡಬೇಕಾದ ಕೆಲಸವಾದುದರಿಂದ ಮನೆಯಲ್ಲಿ ಅಂಟುಪಟ್ಟಿ ಬಿಗಿಯದೆ ಮಕ್ಕಳ ವೈದ್ಯರನ್ನು ಕೇಳಬೇಕು.

ಇನ್ನು ನಮ್ಮ ವಾದಕ್ಕೆ ಬರೋಣ. ಕಿವಿಯ ಶಸ್ತ್ರಕ್ರಿಯೆಯನ್ನು ಒಟ್ಟಾಗಿ ಹೊಗಳುವುದೂ ಒಟ್ಟಾಗಿ ಹಳಿಯುವುದೂ ತಪ್ಪು, ಸಂದರ್ಭಗಳನ್ನು ಬೇರ್ಪಡಿಸಿಕೊಳ್ಳಬೇಕು. ಕೆಲವು ಮಕ್ಕಳು ಹೊರಕಿವಿಯೇ ಇಲ್ಲದೆ ಅಥವಾ ಬೀಜದಷ್ಟೇ ಕಿವಿಯಿಂದ ಹುಟ್ಟುತ್ತಾರೆ. ಅನೇಕ ವೇಳೆ ಕಿವಿಯ ರಂಧ್ರವೂ ಮುಚ್ಚಿರುತ್ತದೆ. ಅಂಥ ಮಗುವಿಗೆ ಪಕ್ಕೆಲುಬಿನ ಮೃದ್ವಸ್ಥಿಯನ್ನು ತೆಗೆದು ಕಿವಿಯನ್ನು ಕೆತ್ತಿ ಕೂರಿಸುವ ಕ್ರಮಕ್ಕೆ ಅಮೆರಿಕದ ಟ್ಯಾನ್ಜರ್ 1959ರಲ್ಲಿ ಭದ್ರವಾದ ಅಡಿಪಾಯ ಹಾಕಿದನು. ಇದು ಅಲಂಕಾರವಲ್ಲ, ಪುನರ್ನಿರ್ಮಾಣ. ಇದಕ್ಕೆ ಸಮಾಜವೇ ನೆರವಾಗಬೇಕು. ಅಲ್ಲಿಯೂ ರೂಪಕ್ಕಿಂತ ಮೊದಲು ಶ್ರವಣಪರೀಕ್ಷೆ ನಡೆಯತಕ್ಕದ್ದು. ಏಕೆಂದರೆ ಕೇಳದ ಮಗು ಮಾತು ಕಲಿಯದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಸಂಸ್ಥೆಗಳು ಈ ಕಾರ್ಯಕ್ಕಾಗಿಯೇ ಇವೆ. ಎರಡನೆಯದು ಹರಿದ ಹಾಲೆ. ಭಾರವಾದ ಬೆಂಡೋಲೆ, ಜುಮಕಿಗಳನ್ನು ವರ್ಷಗಟ್ಟಲೆ ಹೊತ್ತು ಕಿವಿ ಸೀಳಿಹೋದ ಹೆಣ್ಣುಮಕ್ಕಳು ನಮ್ಮ ಸೀಮೆಯ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಸುಶ್ರುತನ ಕಾಲದಿಂದ ಬಂದ ಈ ಸಣ್ಣ ಶಸ್ತ್ರಕ್ರಿಯೆಯನ್ನು ಅವರು ನಾಚಿಕೆಯಿಲ್ಲದೆ ಮಾಡಿಸಿಕೊಳ್ಳಬಹುದು. ಮೂರನೆಯದು ಚಾಚಿದ ಕಿವಿಯ ವಯಸ್ಕ. ತನ್ನ ದುಡ್ಡು, ತನ್ನ ದೇಹ, ತನ್ನ ವಿವೇಕ; ಅವನನ್ನು ಶೋಕಿಲಾಲನೆಂದು ನಗುವ ಅಧಿಕಾರ ಯಾರಿಗೂ ಇಲ್ಲ. ಆದರೆ ಕನ್ಯೆ ನೋಡಲು ಬಂದವರು ಕಿವಿಯನ್ನು ಆಕ್ಷೇಪಿಸಿದರೆಂದು ಮನೆಯವರು ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ದರೆ, ವಯಸ್ಸು 20 ದಾಟಿದ್ದರೂ ಅಲ್ಲಿ ಬೇಡಿದವಳು ಅವಳಲ್ಲ ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಕಠಿನವಾದುದು ನಾಲ್ಕನೆಯದು: ಚಾಚಿದ ಕಿವಿಯ ಮಗು. ಐದಾರು ವರ್ಷದ ಹೊತ್ತಿಗೆ ಕಿವಿ ತನ್ನ ಪೂರ್ಣ ಬೆಳವಣಿಗೆಯ ಬಹುಪಾಲನ್ನು ಮುಗಿಸಿರುತ್ತದೆ. ಆದುದರಿಂದ ಶಾಲೆಗೆ ಸೇರುವ ಮುನ್ನವೇ ಮಾಡಿಸಿಬಿಟ್ಟರೆ ಮಗು ಒಂದು ದಿನವೂ ಅಪಹಾಸ್ಯವನ್ನು ಕೇಳಬೇಕಾಗಿಲ್ಲ ಎಂಬುದು ಒಂದು ಪಕ್ಷ. ಈ ವಾದದಲ್ಲಿ ಕರುಣೆಯಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ಎಲ್ಲ ಅಗಲ ಕಿವಿಯ ಮಕ್ಕಳೂ ಅಪಹಾಸ್ಯಕ್ಕೆ ಗುರಿಯಾಗುವುದಿಲ್ಲ. ಗುರಿಯಾದವರೆಲ್ಲರೂ ಅದರಿಂದ ಕುಗ್ಗುವುದಿಲ್ಲ. ಇನ್ನೂ ಬಾರದ ದುಃಖಕ್ಕಾಗಿ, ಆ ದುಃಖವೇನೆಂದು ತಿಳಿಯದ ಮಗುವನ್ನು ಅರಿವಳಿಕೆಗೂ ಶಸ್ತ್ರಕ್ಕೂ ಒಡ್ಡುವುದು ಅವಸರವೆಂದೇ ನಮ್ಮ ಭಾವನೆ. 12 ವರ್ಷದೊಳಗಿನ ಮಗುವಿನ ಪರವಾಗಿ ಪೋಷಕರು ಕೊಡುವ ಒಪ್ಪಿಗೆಯನ್ನು ನಮ್ಮ ದೇಶದ ಕಾನೂನು ಮನ್ನಿಸುತ್ತದೆ. ಆದರೆ ಅದು ಮಗುವಿನ ಹಿತಕ್ಕಾಗಿ, ಸದ್ಭಾವನೆಯಿಂದ ಮಾಡಿದ ಕಾರ್ಯವಾಗಿರಬೇಕು. ಯಾರ ಹಿತ ಎಂಬುದೇ ಇಲ್ಲಿನ ಪ್ರಶ್ನೆ.

ನಮ್ಮ ಮುಧೋಳ ಸೀಮೆಯಿಂದಲೇ ಒಂದು ಹೋಲಿಕೆಯನ್ನು ಕೊಡಬಹುದು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ, 2016ರಲ್ಲಿ ಸೈನ್ಯದ ತರಬೇತಿಗೆ ಆಯ್ಕೆಯಾದ ಮುಧೋಳ ನಾಯಿಯ ತಳಿಯನ್ನು ಅಲ್ಲಿ ಕಾಪಾಡಿಕೊಂಡು ಬರಲಾಗಿದೆ. ಆ ನಾಯಿಯ ತೆಳುವಾದ ಕಿವಿಗಳು ಕೆನ್ನೆಯ ಪಕ್ಕಕ್ಕೆ ಇಳಿಬಿದ್ದಿರುತ್ತವೆ. ಅದೇ ಅದರ ಸಹಜ ರೂಪ. ಡೋಬರ್‌ಮನ್, ಗ್ರೇಟ್ ಡೇನ್ ಮೊದಲಾದ ಬೇರೆ ತಳಿಗಳ ಮರಿಗಳಿಗಾದರೋ ಕಿವಿ ನೆಟ್ಟಗೆ ನಿಂತು ಗಂಭೀರವಾಗಿ ಕಾಣಲೆಂದು ಅದನ್ನು ಕತ್ತರಿಸುವ ರೂಢಿ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ನಡೆಯಿತು. ಇಂಗ್ಲೆಂಡು 2006ರ ಪ್ರಾಣಿಕಲ್ಯಾಣ ಶಾಸನದಲ್ಲಿ ಇದನ್ನು ನಿಷೇಧಿಸಿದೆ. ಕಾರಣ ಸರಳವಾದುದು: ನೋವು ನಾಯಿಯದು, ಶೋಭೆ ಒಡೆಯನದು, ನಾಯಿಯನ್ನು ಕೇಳಿದವರಿಲ್ಲ. ಮಗುವನ್ನು ಪ್ರೀತಿಯಿಂದ ಆಸ್ಪತ್ರೆಗೆ ಕರೆದೊಯ್ಯುವ ತಂದೆತಾಯಿಗಳನ್ನು ನಾವು ಆ ಒಡೆಯರೊಂದಿಗೆ ಸಮೀಕರಿಸುತ್ತಿಲ್ಲ. ಆದರೆ ಮೂಕಪ್ರಾಣಿಯ ವಿಷಯದಲ್ಲಿ ಲೋಕವು ಇಷ್ಟು ಯೋಚಿಸಿರುವಾಗ, ಮಾತುಬಲ್ಲ ಮಗುವನ್ನು ಒಂದು ಮಾತು ಕೇಳುವುದು ಹೆಚ್ಚೇನಲ್ಲ. ನಾಯಿ ಹೇಳಲಾರದು, ಮಗು ಹೇಳಬಲ್ಲುದು, ನಾವು ಕಾದರೆ.

ಕಾಯುವುದೆಂದರೆ 18 ವರ್ಷದವರೆಗೆ ಸಹಿಸಿಕೋ ಎಂದು ಹೇಳುವುದಲ್ಲ. ಹತ್ತು ವರ್ಷದ ಹುಡುಗನು ತಾನಾಗಿ ಬಂದು, "ಅಪ್ಪಾ, ಇದನ್ನು ಸರಿಮಾಡಿಸಿ ಕೊಡಿರಿ" ಎಂದು ಒಂದು ಸಲವಲ್ಲ, ಹಲವು ಸಲ ಕೇಳಿದರೆ, ಕಿವಿ ಮುಚ್ಚುವಂತೆ ಕೂದಲು ಬಿಟ್ಟು, ಗುಂಪಿನ ಛಾಯಾಚಿತ್ರಕ್ಕೆ ನಿಲ್ಲದೆ, ಹಿಂದಿನ ಬೆಂಚನ್ನೇ ಹುಡುಕುತ್ತಿದ್ದರೆ, ಅವನ ಮಾತಿಗೆ ಕಿವಿಗೊಡಬೇಕು. ಅಪಾಯಗಳನ್ನು ಅವನಿಗೆ ಅರ್ಥವಾಗುವಂತೆ ತಿಳಿಸಿ, ತಿಳಿದ ಮೇಲೆಯೂ ಅವನು ಬಯಸಿದರೆ ಮಾಡಿಸುವುದೇ ಧರ್ಮ. "ಗಂಡಸಿಗೇಕೆ ಸೌಂದರ್ಯ?" ಎಂಬ ಉಪದೇಶ ಅಲ್ಲಿ ಕ್ರೌರ್ಯವಾಗುತ್ತದೆ.

ಆದರೆ ಬಯಸುವ ಮುನ್ನ ಎರಡು ಸಂಗತಿಗಳು ವಿದ್ಯಾರ್ಥಿಗಳಿಗೆ ತಿಳಿದಿರಲಿ. ಮೊದಲನೆಯದು, ಛಾಯಾಚಿತ್ರವು ಅಳತೆಗೋಲಲ್ಲ. ಕಿವಿಯು ಮೂಗಿನ ತುದಿಗಿಂತ ಸುಮಾರು 12 ಸೆಂಟಿಮೀಟರು ಹಿಂದಿದೆಯೆಂದು ಇಟ್ಟುಕೊಳ್ಳಿರಿ. ಮೂಗಿನಿಂದ 30 ಸೆಂಟಿಮೀಟರು ದೂರದಲ್ಲಿ ಕ್ಯಾಮೆರಾ ಹಿಡಿದರೆ, ಮೂಗಿಗೆ ಹೋಲಿಸಿದಾಗ ಕಿವಿಯು 42ಕ್ಕೆ 30ರ ಪ್ರಮಾಣದಲ್ಲಿ, ಅಂದರೆ ನಿಜಕ್ಕಿಂತ ಶೇಕಡಾ 29ರಷ್ಟು ಚಿಕ್ಕದಾಗಿ ಮೂಡುತ್ತದೆ. ಒಂದೂವರೆ ಮೀಟರು ದೂರದಿಂದ ತೆಗೆದರೆ ಆ ಕೊರತೆ ಶೇಕಡಾ 7ಕ್ಕೆ ಇಳಿಯುತ್ತದೆ. ತನ್ನ ಕೈಯಿಂದಲೇ ತೆಗೆದುಕೊಂಡ ನೂರಾರು ಚಿತ್ರಗಳಿಗೆ ಕಣ್ಣು ಪಳಗಿದವನಿಗೆ, ಪರೀಕ್ಷೆಯ ಪ್ರವೇಶಪತ್ರದ ಮೇಲಿನ ಚಿತ್ರದಲ್ಲಿ ತನ್ನ ಕಿವಿ ಇದ್ದಕ್ಕಿದ್ದಂತೆ ಬೆಳೆದಂತೆ ಕಂಡರೆ ಆಶ್ಚರ್ಯವಿಲ್ಲ. ಕಿವಿ ಬೆಳೆದಿಲ್ಲ, ಕ್ಯಾಮೆರಾ ಹಿಂದೆ ಸರಿದಿದೆ.

ಎರಡನೆಯದು, ಚೆಲುವಿನ ಅಳತೆ ಕಾಲಕಾಲಕ್ಕೆ ಬದಲಾಗುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ನಾಲ್ಕನೆಯ ಗುಹೆಯ ಬಾಹುಬಲಿಯನ್ನು ನೋಡಿರಿ. ಹಾಲೆಗಳು ಉದ್ದವಾಗಿ ಇಳಿದಿವೆ. ಬುದ್ಧನ ವಿಗ್ರಹಗಳಲ್ಲಿಯೂ ಹಾಗೆಯೇ. ನೀಳವಾದ ಕಿವಿ ಅಂದು ಮಹಾಪುರುಷನ ಲಕ್ಷಣವಾಗಿತ್ತು. ಪ್ರತಿ ವರ್ಷ ಭಾದ್ರಪದದಲ್ಲಿ ನಾವು ಮನೆಗೆ ತಂದು ಪೂಜಿಸುವ ಗಣಪತಿಗೆ ಶೂರ್ಪಕರ್ಣನೆಂಬ ಹೆಸರಿದೆ; ಮೊರದಂಥ ಕಿವಿಯವನೆಂದೇ ಅದರ ಅರ್ಥ. ದೇವರಲ್ಲಿ ಸ್ತುತಿಯಾದ ಮಾತು ಸಹಪಾಠಿಯಲ್ಲಿ ಬೈಗುಳಾಗುವುದು ವಿಚಿತ್ರವಲ್ಲವೇ?

ಹೀಗೆ ಪ್ರಶ್ನೆಯು ಆಸ್ಪತ್ರೆಯಿಂದ ತರಗತಿಗೆ ಮರಳಿ ಬರುತ್ತದೆ. 2009ರ ಶಿಕ್ಷಣ ಹಕ್ಕಿನ ಶಾಸನದ 17ನೆಯ ವಿಧಿಯು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಿವಿ ಹಿಂಡುವುದನ್ನು ಬಿಟ್ಟ ಶಾಲೆ, ಕಿವಿಯ ಹೆಸರಿನಿಂದ ಕರೆಯುವುದನ್ನು ಬಿಟ್ಟಿದೆಯೇ? ಹಾಜರಿ ಕೂಗುವಾಗ ಅಡ್ಡಹೆಸರು ಕೇಳಿಬಂದಾಗ ನಗೆ ತಡೆಯಲಾರದ ಅಧ್ಯಾಪಕನು ಆ ನಗೆಗೆ ತನ್ನ ಮುದ್ರೆಯನ್ನೊತ್ತುತ್ತಾನೆ. ಒಬ್ಬನ ಕಿವಿಯನ್ನು ಶಸ್ತ್ರದಿಂದ ತಿದ್ದಿದರೆ ಅವನೊಬ್ಬನು ಪಾರಾದಾನು. ನಗುವ ತರಗತಿಯು ಮರುದಿನ ಇನ್ನೊಬ್ಬನ ಹಲ್ಲನ್ನೋ ಬಣ್ಣವನ್ನೋ ತೊದಲನ್ನೋ ಹುಡುಕಿಕೊಳ್ಳುತ್ತದೆ. ಅಷ್ಟೊಂದು ಶಸ್ತ್ರವೈದ್ಯರನ್ನು ನಾವು ಎಲ್ಲಿಂದ ತರೋಣ?

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಹುಟ್ಟಿದ ಕೂಸಿನ ಕಿವಿಯನ್ನು ಮೊದಲ ವಾರಗಳಲ್ಲಿಯೇ ವೈದ್ಯರಿಗೆ ತೋರಿಸಿರಿ. ಆ ಅವಧಿ ಮೀರಿದರೆ ಮಗು ತಾನೇ ಕೇಳುವವರೆಗೆ ಸುಮ್ಮನಿರಿ, ಕೇಳಿದಾಗ ಸುಮ್ಮನಿರಬೇಡಿರಿ. ಅಧ್ಯಾಪಕರು ತಮ್ಮ ತರಗತಿಯಲ್ಲಿ ಅಡ್ಡಹೆಸರುಗಳಿಗೆ ಎಡೆಗೊಡದಿರಲಿ. ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುವುದು ಇನ್ನೂ ಸುಲಭವಾದುದು. ನಿಮ್ಮ ಬೆಂಚಿನಲ್ಲಿ ಕುಳಿತ ಗೆಳೆಯನಿಗೆ ಅವನ ಕಿವಿ ಕಾಣಿಸುವುದಿಲ್ಲ, ನಿಮಗೆ ಕಾಣಿಸುತ್ತದೆ. ಅವನಿಗೆ ಅದು ಭಾರವಾಗಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ನಿಮ್ಮ ನಾಲಗೆಯ ಮೇಲಿದೆ. ನಾಳೆಯಿಂದ ಅವನನ್ನು ಅವನ ಹೆಸರಿನಿಂದಲೇ ಕರೆಯಿರಿ.